ತೆಳ್ಳನೆ ಫೋನು ನಿನಗಿರಲಿ, ಹಳೇ ಕಿವಿ ನನಗೆ ಕಳಿಸು

ಬೆಳಗಾವಿ,
11 ಸೆಪ್ಟೆಂಬರ್ 2025

ಪ್ರೀತಿಯ ದೋಸ್ತಾ,

ಮೊನ್ನೆ ರಾತ್ರಿ ಹತ್ತೂವರೆಗೆ ಶುರುವಾದ ನಿನ್ನ ಮೆಸೇಜುಗಳನ್ನು ನಿನ್ನೆ ಬೆಳಿಗ್ಗೆ ಎಣಿಸಿದೆ. 41 ಇದ್ದವು. ಅಮೆರಿಕದ ಕ್ಯುಪರ್ಟಿನೋದಲ್ಲಿ ಆಪಲ್‌ನವರು ಹೊಸ ಸಾಮಾನು ತೋರಿಸಿದಂತೆಲ್ಲ ನೀನು ಬೆಂಗಳೂರಿನಲ್ಲಿ ನಿದ್ದೆಗೆಟ್ಟು ಒದರಿದ್ದೀಯ. ನಾನು ಮಲಗಿಬಿಟ್ಟಿದ್ದೆ. ಗಣಪತಿ ಕಳಿಸಿ ಇನ್ನೂ ಮೂರು ದಿನವಾಗಿತ್ತು. ನಮ್ಮೂರಿನ ವಿಸರ್ಜನೆ ನಿನಗೆ ಗೊತ್ತಲ್ಲ, ಒಂದು ರಾತ್ರಿಗೆ ಮುಗಿಯುವಂಥದ್ದಲ್ಲ. ಡಿಜೆ ಸದ್ದಿಗೆ ಕಿವಿ ಇನ್ನೂ ಗುಂಯ್ ಅನ್ನುತ್ತಿತ್ತು. ಇಡೀ ಮನೆಯಲ್ಲಿ ಅಪ್ಪ ಒಬ್ಬನೇ ಆರಾಮ. ಸ್ಪೀಕರಿನ ಪಕ್ಕವೇ ಕುರ್ಚಿ ಹಾಕಿಕೊಂಡು ಕೂತಿದ್ದ, ಪುಣ್ಯಾತ್ಮ.

ಫೋನಿನ ಮಾತು ಮೊದಲು ಮುಗಿಸಿಬಿಡೋಣ. ಐಫೋನ್ ಏರ್ 5.6 ಮಿಲಿಮೀಟರ್ ದಪ್ಪ, 165 ಗ್ರಾಂ ತೂಕ, 1,19,900 ರೂಪಾಯಿ. ಹಿಂದೆ ಒಂದೇ ಕ್ಯಾಮೆರಾ, ಸಿಮ್ ಹಾಕುವ ಕಿಂಡಿಯೇ ಇಲ್ಲ. ಕಡಿಮೆ ಕೊಟ್ಟು ಜಾಸ್ತಿ ತಗೊಳ್ಳುವ ವ್ಯಾಪಾರ ನಮ್ಮ ಖಡೇ ಬಜಾರದವರಿಗೂ ಬರುವುದಿಲ್ಲ ಬಿಡು. ಇದ್ದುದರಲ್ಲಿ ಬರೀ ಐಫೋನ್ 17 ವಾಸಿ. 82,900ಕ್ಕೆ 256 ಜಿಬಿ, ಪರದೆಯೂ ಈಗ 120 ಹರ್ಟ್ಸ್, ಅಂದರೆ ಚಿತ್ರ ಸೆಕೆಂಡಿಗೆ 120 ಸಲ ಬದಲಾಗುವಂಥದ್ದು. ನೀನು ಕೇಸರಿ ಬಣ್ಣದ ಪ್ರೋ ತಗೊಳ್ಳುತ್ತೀ ಅಂತ ನನಗೆ ಗೊತ್ತು. ತಗೋ. ಬೈಯುವ ಕೆಲಸ ನಿನ್ನ ಹೆಂಡತಿಯದು.

ನನ್ನ ಕಣ್ಣು ನಿಂತದ್ದು ನಿನ್ನ 23ನೇ ಮೆಸೇಜಿನ ಮೇಲೆ. ಏರ್‌ಪಾಡ್ಸ್ ಪ್ರೋ 3, ಕಿವಿಗೆ ಸಿಕ್ಕಿಸುವ ವೈರಿಲ್ಲದ ಇಯರ್‌ಫೋನು, 25,900 ರೂಪಾಯಿ. "ಎದುರಿನವರು ಬೇರೆ ಭಾಷೆ ಮಾತಾಡಿದರೆ ಕಿವಿಯಲ್ಲೇ ಅನುವಾದ ಆಗುತ್ತೆ, ನಿಮ್ಮ ಬೆಳಗಾವಿಗೆ ಹೇಳಿ ಮಾಡಿಸಿದ್ದು" ಅಂತ ಬರೆದಿದ್ದೀಯ. ಭಾಷೆ ಯಾವುವು ಅಂತ ನೋಡಿದೆಯಾ? ಶುರುವಿಗೆ ಕೊಟ್ಟದ್ದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಪೋರ್ಚುಗೀಸ್, ಸ್ಪ್ಯಾನಿಶ್. ನಮ್ಮ ಬಟ್ಟೆ ಅಂಗಡಿಗೆ ಜರ್ಮನಿಯವರು ಯಾವಾಗ ಬಂದಿದ್ದರು? ಇಲ್ಲಿ ಗಿರಾಕಿ ಮರಾಠಿಯಲ್ಲಿ ರೇಟು ಕೇಳುತ್ತಾರೆ, ನಾನು ಕನ್ನಡದಲ್ಲಿ ಹೇಳುತ್ತೇನೆ, ಚೌಕಾಶಿ ಹಿಂದಿಯಲ್ಲಿ ನಡೆಯುತ್ತದೆ, ಗೋವಾದವರಾದರೆ ಕೊನೆಗೆ ಒಂದಿಷ್ಟು ಕೊಂಕಣಿ. ಯಾವ ಮಷೀನೂ ಬೇಕಾಗಿಲ್ಲ. ಬೇಕಾದ ದಿನವೂ ಅದಕ್ಕೆ ಕನ್ನಡ ಬರುವುದಿಲ್ಲ.

ಆದರೆ ಅದೇ ಪುಟ್ಟ ಬಿಳಿ ಸಾಮಾನಿನಲ್ಲಿ ಇನ್ನೊಂದು ಕೆಲಸವಿದೆ. ಅದನ್ನು ನೀನು 41 ಮೆಸೇಜಿನಲ್ಲಿ ಒಂದರಲ್ಲೂ ಬರೆದಿಲ್ಲ. ಅದು ಕಿವಿಯ ಮಷೀನಾಗಿಯೂ ನಡೆಯುತ್ತದೆ. ಹೋದ ವರ್ಷ ಏರ್‌ಪಾಡ್ಸ್ ಪ್ರೋ 2ಕ್ಕೇ ಈ ಸೌಲಭ್ಯ ಬಂತು, ಔಷಧಿ, ವೈದ್ಯಕೀಯ ಸಾಮಾನು ಪರೀಕ್ಷಿಸುವ ಅಮೆರಿಕದ ಸರಕಾರಿ ಸಂಸ್ಥೆ ಎಫ್‌ಡಿಎ 2024ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು. ಪೂರ್ತಿ ಕಿವುಡರಿಗಲ್ಲ, ಸ್ವಲ್ಪದಿಂದ ಮಧ್ಯಮ ಕಿವುಡು ಇರುವ ದೊಡ್ಡವರಿಗೆ.

ಅಪ್ಪ ವಡಗಾವಿಯ ಮಗ್ಗದ ಶೆಡ್ಡಿನಲ್ಲಿ 34 ವರ್ಷ ದುಡಿದವನು. ಚಿಕ್ಕವರಿದ್ದಾಗ ನೀನೂ ಬುತ್ತಿ ಕೊಡಲು ನನ್ನ ಜೊತೆ ಬರುತ್ತಿದ್ದೆ, ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದೆ. 85 ಡೆಸಿಬೆಲ್ ದಾಟಿದ ಸದ್ದಿನಲ್ಲಿ ದಿನಾ 8 ತಾಸು ಕಳೆದರೆ ಕಿವಿ ಕೆಡುತ್ತದೆ ಅಂತಾರೆ. ಪವರ್‌ಲೂಮ್ ಶೆಡ್ಡು ಅದನ್ನು ಆರಾಮಾಗಿ ದಾಟುತ್ತದೆ. ಲಾಳಿ ಆ ಕಡೆಯಿಂದ ಈ ಕಡೆ ಬಡಿದಾಗೊಮ್ಮೆ ಕಿವಿಯೊಳಗಿನ ಕೂದಲಿನಂಥ ಕೋಶಗಳು ಸವೆಯುತ್ತವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು 4,000 ಹರ್ಟ್ಸ್ ಆಸುಪಾಸಿನ ತೆಳು ದನಿ. ಅದಕ್ಕೇ ಅಪ್ಪನಿಗೆ ಆ, ಓ ಎಲ್ಲ ಕೇಳುತ್ತದೆ. ಸ, ಶ, ತ ಬಿದ್ದುಹೋಗುತ್ತವೆ. ಅವ್ವ "ಸಾರು ಬೇಕೇನ್ರಿ?" ಅಂದರೆ "ಯಾರೂ ಬ್ಯಾಡ, ನಾ ಮಲಗತೇನಿ" ಅನ್ನುತ್ತಾನೆ. ನಾವು ಜೋರಾಗಿ ಒದರಿದರೆ ಆ, ಓ ಇನ್ನಷ್ಟು ಜೋರಾಗುತ್ತದೆ, ಸ ಎಲ್ಲಿತ್ತೋ ಅಲ್ಲೇ. ಆಮೇಲೆ ಅವನೇ ಬೈಯುತ್ತಾನೆ, "ಯಾಕ ಒದರತೀ, ನಾ ಏನ್ ಕಿವುಡ ಅದೇನೇನು?"

ಒಂದು ಕ್ಯಾಂಪಿನಲ್ಲಿ ಪುಕ್ಕಟೆ ಮಷೀನು ಕೊಟ್ಟಿದ್ದರು. ಎಲ್ಲ ಸದ್ದನ್ನೂ ಒಂದೇ ಅಳತೆಯಲ್ಲಿ ಜೋರು ಮಾಡುತ್ತಿತ್ತು, ತಲೆ ತಿರುಗಿಸಿದರೆ ಕುಂಯ್ ಅನ್ನುತ್ತಿತ್ತು. ಎರಡನೇ ವಾರಕ್ಕೆ ಕಪಾಟು ಸೇರಿತು. ಈ ಏರ್‌ಪಾಡ್ಸ್‌ನ ದಾರಿ ಬೇರೆ. ಐಫೋನಿನಲ್ಲಿ ಐದು ನಿಮಿಷದ ಪರೀಕ್ಷೆ ಇದೆ. ಸಣ್ಣ ಸಣ್ಣ ದನಿ ಕೇಳಿಸುತ್ತದೆ, ಕೇಳಿದಾಗೊಮ್ಮೆ ಪರದೆ ಮುಟ್ಟಬೇಕು. ಯಾವ ದನಿ ಎಷ್ಟು ಹೋಗಿದೆ ಅಂತ ಅಳೆದು, ಅಷ್ಟನ್ನೇ ಏರಿಸುತ್ತದೆ. ಹೊಸದರಲ್ಲಿ ಕಿವಿ ಮಷೀನಾಗಿ ಬಳಸಿದರೆ ಚಾರ್ಜು 10 ತಾಸು ಬರುತ್ತದಂತೆ. ಅಪ್ಪ ಒಂಬತ್ತಕ್ಕೇ ಮಲಗುವವನು, ಮಧ್ಯಾಹ್ನದ ನಿದ್ದೆ ಕಳೆದರೆ ಲೆಕ್ಕ ಸರಿಹೋಗುತ್ತದೆ.

ಇದಕ್ಕಾಗಿ ನಿಮ್ಮ ಬೆಂಗಳೂರಿನ ಹುಡುಗರು ಮಾಡಿದ್ದು ಗೊತ್ತಾ? ಹೋದ ನವೆಂಬರ್‌ನಲ್ಲಿ ಈ ಸೌಲಭ್ಯ ಭಾರತಕ್ಕೆ ಇನ್ನೂ ತೆರೆದಿರಲಿಲ್ಲ. ಅಜ್ಜಿಯಂದಿರಿಗೆ ಬೇಕಿತ್ತು ಅಂತ ಅವರು ಪೆಟ್ಟಿಗೆಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಮೈಕ್ರೋವೇವ್ ಓಡಿಸಿ ಹೊರಗಿನ ವೈಫೈ ಕೆಡಿಸಿ, ವೈಫೈ ನೋಡಿ ಜಾಗ ಗುರುತಿಸುವ, ಒಳಗಿದ್ದ ಐಪ್ಯಾಡಿಗೆ ನೀನು ಅಮೆರಿಕದಲ್ಲಿದ್ದೀ ಅಂತ ನಂಬಿಸಿದರು. ಸೌಲಭ್ಯ ತೆರೆದುಕೊಂಡಿತು. ನಿನ್ನ ಏರ್ ಫೋನಿಗಿಂತ ನನಗೆ ಈ ಪೆಟ್ಟಿಗೆಯೇ ದೊಡ್ಡದಾಗಿ ಕಾಣುತ್ತದೆ.

ಈಗ ನಮ್ಮ ಮನೆಯದು ಕೇಳು. ಪುಣೆಯಿಂದ ಅಕ್ಕನ ಮಗ ಹಬ್ಬಕ್ಕೆ ಬಂದಿದ್ದ. ಅವನ ಹತ್ತಿರ ಪ್ರೋ 2 ಇತ್ತು. ಪರೀಕ್ಷೆ ಗಿರೀಕ್ಷೆ ಏನಿಲ್ಲ, ಎದುರಿನವರ ಮಾತು ಎತ್ತಿ ಕೊಡುವ ಒಂದು ಸೆಟ್ಟಿಂಗು ಹಾಕಿ ಸುಮ್ನೆ ಅಪ್ಪನ ಕಿವಿಗೆ ಇಟ್ಟ. ಅವ್ವ ಅಡುಗೆಮನೆ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತ ಎಂದಿನಂತೆ ಗೊಣಗುತ್ತಿದ್ದಳು. "ಬರೇ ಹಾಕ್ಕೋಳೂದು, ತಿನ್ನೂದು, ಮಲಗೂದು, ಮುದುಕಗ ಮತ್ತೇನ್ ಕೆಲಸ." ಅಪ್ಪ ತಿರುಗಿ, "ನಿನ್ನೆ ರೇಶನ್ ಯಾರ ತಂದಾರ ಹಂಗಾರ?" ಅಂದ. ಅವ್ವನ ಕೈಯಲ್ಲಿದ್ದ ಮೆಂತ್ಯೆ ಕಟ್ಟು ಹಾಗೇ ನಿಂತಿತು. ಇಷ್ಟು ವರ್ಷ ಅವಳು ಧೈರ್ಯವಾಗಿ ಏನೇನು ಅಂದಿದ್ದಳೋ, ಎಲ್ಲ ಒಮ್ಮೆಗೇ ನೆನಪಾಗಿರಬೇಕು. "ಮೊದಲ ಅದನ್ನ ತಗೀರಿ" ಅಂದಳು.

ಅಪ್ಪ ತೆಗೆಯಲಿಲ್ಲ. ಹಾಗೇ ಗುಡಿಯ ಕಟ್ಟೆಗೆ ಹೊರಟ. ಅಲ್ಲಿ ಅವನ ಶೆಡ್ಡಿನ ಗೆಳೆಯರು ನಾಲ್ಕು ಜನ ದಿನಾ ಕೂಡುತ್ತಾರೆ. ಯಾರಿಗೂ ಸರಿಯಾಗಿ ಕೇಳಿಸುವುದಿಲ್ಲ, ಆದರೂ ಹರಟೆ ತಾಸುಗಟ್ಟಲೆ. ಮಗ್ಗದ ಸದ್ದಿನಲ್ಲಿ ಮಾತಾಡಿ ಮಾತಾಡಿ ಅವರದೇ ಒಂದು ಕೈಭಾಷೆ ಇದೆ. ಎರಡು ಬೆರಳು ಕತ್ತರಿಯಂತೆ ಆಡಿಸಿದರೆ ಎಳೆ ಹರಿದಿದೆ. ಮೀಸೆ ತಿರುವಿದರೆ ಸಾವ್ಕಾರ ಬಂದ. ಹೆಬ್ಬೆರಳು ಬಾಯಿಗೆ ಇಟ್ಟರೆ ಚಹಾ. ಅರ್ಧ ತಾಸಿಗೇ ಅಪ್ಪ ಸಪ್ಪೆ ಮುಖ ಮಾಡಿಕೊಂಡು ವಾಪಸ್ ಬಂದ. ಏನಾಯ್ತು ಅಂದೆ. "ಇದು ಕಿವ್ಯಾಗ ನೋಡಿ, ನಾ ಹಾಡ ಕೇಳಾಕ ಹತ್ತೇನಿ ಅಂತ ತಿಳದು ಒಬ್ಬರೂ ಮಾತಾಡಸಲಿಲ್ಲೋ" ಅಂದ.

ನನಗೆ ಇದು ಹೊಳೆದೇ ಇರಲಿಲ್ಲ. ಕಿವಿ ಮಷೀನು ಹಾಕಿದರೆ ನಾಚಿಕೆ, ಹಾಡು ಕೇಳುವ ಸಾಮಾನಾದರೆ ನಾಚಿಕೆಯಿಲ್ಲ ಅಂದುಕೊಂಡಿದ್ದೆ. ಆ ಬಿಳಿ ಗುಂಡಿ ಕಂಡರೆ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ನಿನ್ನ ಆಫೀಸಿನಲ್ಲೂ ಅಷ್ಟೇ ಅಲ್ವಾ? ಬಾಸು ಮಾತಾಡಿಸಬಾರದು ಅಂತ ನೀನೇ ಹಾಕಿಕೊಂಡು ಕೂಡುವುದಿಲ್ಲವಾ?

ಆದರೂ ಮರುದಿನ ಮೊಮ್ಮಗ ಪುಣೆಗೆ ಹೊರಟಾಗ ಅಪ್ಪ ಎರಡು ಸಲ ಕೇಳಿದ, "ಅದು ಎಷ್ಟಕ್ಕ ಬರತೈತಿ?" ಅಂತ. ನಾನು ಹೇಳಲಿಲ್ಲ. ಕಿವಿಯದು 25,900, ಪರೀಕ್ಷೆಗೆ ಒಂದು ಐಫೋನು, 17 ಅಂದರೂ ಸೇರಿ 1,08,800. ಹೇಳಿದ್ದರೆ ಉಳಿದ ಕಿವಿಯೂ ಮುಚ್ಚುತ್ತಿತ್ತು.

ಅದಕ್ಕೇ ಈ ಪತ್ರ. ನೀನು ಹೊಸದು ತಗೊಳ್ಳುವವನು ತಗೊಂಡೇ ತಗೊಳ್ಳುತ್ತೀ. ನಿನ್ನ ಹಳೇ ಪ್ರೋ 2 ಮತ್ತು ಆ ಗಾಜು ಬಿರುಕು ಬಿಟ್ಟ ಐಫೋನನ್ನು ಎಕ್ಸ್‌ಚೇಂಜಿಗೆ ಹಾಕಬೇಡ. ಅಂಗಡಿಯವರು ಎಷ್ಟು ಕೊಡುತ್ತಾರೋ ಅಷ್ಟು ನಾನೇ ಕೊಡುತ್ತೇನೆ, ಎರಡು ಕಂತಿನಲ್ಲಿ. ಬಡ್ಡಿಗೆ ಒಂದು ಕಿಲೋ ಕುಂದಾ. ಆ ಕಿವಿ ಪರೀಕ್ಷೆ ನಿನ್ನ ಫೋನಿನಲ್ಲಿ ತೆರೆದುಕೊಳ್ಳುತ್ತಾ ಅಂತ ಮೊದಲು ನೋಡಿ ಹೇಳು. ತೆರೆಯದಿದ್ದರೆ ಅಲ್ಯೂಮಿನಿಯಂ ಹಾಳೆ ನಮ್ಮ ಮನೆಯಲ್ಲೂ ಇದೆ.

ಬರುವಾಗ ಅವ್ವನಿಗೆ ಮಾತ್ರ ಮೊದಲೇ ಹೇಳಬೇಡ.

ನಿನ್ನ,
ಬುತ್ತಿ ಹೊತ್ತ ದೋಸ್ತ