ಮನಸ್ಸೂ ಕೈಯೂ ಶುದ್ಧ ಇದ್ದವನ ಶಿಲೆ

ಡೆನಿಜ್ಲಿ, ಟರ್ಕಿ
ಭಾನುವಾರ ರಾತ್ರಿ

ಅಪ್ಪಂಗೆ, ಅಮ್ಮಂಗೆ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದೀನಿ, ನೀವೂ ಕ್ಷೇಮ ಅಂದ್ಕೋತೀನಿ. ಅಮ್ಮ, ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ, ಗಟ್ಟಿ ಮೊಸರು ಎಲ್ಲಾ ಅಂಗಡೀಲೂ ಸಿಗತ್ತೆ, ಊಟದ ಚಿಂತೆ ಬಿಡು. ಇದನ್ನ ಫೋನಲ್ಲಿ ಹೇಳಕ್ಕೆ ಹೋದ್ರೆ ಅರ್ಧಕ್ಕೇ ನಿಂತುಹೋಗತ್ತೆ ಅಂತ ಬರೀತಿದೀನಿ, ಜಾಸ್ತಿ ಅಪ್ಪಂಗೇ.

ಅಪ್ಪ, ನಿನ್ನೆ ಅಫ್ರೋಡಿಸಿಯಾಸ್‌ಗೆ ಹೋಗಿದ್ದೆ. ಗೇರೆ ಅನ್ನೋ ಹಳ್ಳಿ ಹತ್ರ ಇರೋ ಹಳೇ ರೋಮನ್ ಪಟ್ಟಣ, ಪಕ್ಕದಲ್ಲೇ ಅಮೃತಶಿಲೆ ಕ್ವಾರಿ, ಅದಕ್ಕೇ ಅಲ್ಲಿನ ಶಿಲ್ಪಿಗಳಿಗೆ ಆ ಕಾಲದಲ್ಲಿ ಅಷ್ಟು ಹೆಸರು. ಮ್ಯೂಸಿಯಂ ತುಂಬಾ ದೇವರು, ಚಕ್ರವರ್ತಿಗಳೇ ಇದಾರೆ, ಆದ್ರೆ ನಾನು ತುಂಬಾ ಹೊತ್ತು ನಿಂತಿದ್ದು ಇಬ್ಬರು ಅಧಿಕಾರಿಗಳ ಶಿಲಾಪ್ರತಿಮೆ ಮುಂದೆ, ಕಾರಿಯಾ ಪ್ರಾಂತ್ಯದ ಗವರ್ನರ್‌ಗಳು, ನಮ್ಮ ಲೆಕ್ಕದಲ್ಲಿ ಡಿಸಿ ಇದ್ದಂಗೆ ಅನ್ಕೊಳಿ.

ಒಬ್ಬ ಫ್ಲೇವಿಯಸ್ ಪಾಲ್ಮೇಟಸ್, ಸುಮಾರು ಕ್ರಿ.ಶ. 500ರವನು. ಮೈಮೇಲೆ ರೋಮನ್ನರು ಸುತ್ಕೊಳ್ತಿದ್ದ ಭಾರದ ಬಟ್ಟೆ ಟೋಗಾ, ಕೈಯಲ್ಲಿ ಆಟ ಶುರು ಮಾಡ್ಸಕ್ಕೆ ಬೀಸೋ ಬಟ್ಟೆ, ಕುರುಚಲು ಗಡ್ಡ, ಹಣೆ ಮೇಲೆ ಗೆರೆ. ಥಿಯೇಟರ್ ಮುಂದಿನ ಚೌಕದಲ್ಲಿ ನಿಲ್ಸಿದ್ರಂತೆ, ಪೀಠದ ಬರಹದಲ್ಲಿ ಊರನ್ನ ಹೊಸದು ಮಾಡಿದವನು, ಇಡೀ ಕಾರಿಯಾಗೆ ಉಪಕಾರ ಮಾಡಿದವನು ಅಂತೆಲ್ಲ ಇದೆ.

ಇನ್ನೊಬ್ಬ ಓಯ್ಕುಮೇನಿಯಸ್, ಅವನಿಗಿಂತ ಸುಮಾರು ನೂರು ವರ್ಷ ಹಿಂದಿನವನು, ಊರಿನ ಕೌನ್ಸಿಲ್ ಭವನದ ಮುಂದೆ ನಿಂತಿದ್ದವನು. ನಂಗೆ ಮನಸ್ಸಿಗೆ ಹತ್ತಿದ್ದು ಇವನೇ. ಇವನ ಪೀಠದ ಮೇಲಿರೋದು ಗ್ರೀಕ್ ಪದ್ಯ, ಕಾನೂನು ಬಲ್ಲವನು, ಲ್ಯಾಟಿನ್ ವಿದ್ಯೆಗೆ ಗ್ರೀಕಿನ ಜೇನು ಬೆರೆಸಿದವನು ಅಂತ ಹೊಗಳಿ, ಕೊನೆಗೆ ಕೇಳತ್ತೆ, ಮನಸ್ಸೂ ಕೈಯೂ ಶುದ್ಧ ಇರೋ ಮನುಷ್ಯನಿಗೆ ಜನ ನೆನಪಿಟ್ಕೊಳೋದಕ್ಕಿಂತ ದೊಡ್ಡ ಬಹುಮಾನ ಏನಿದೆ ಅಂತ. ಕೈ ಶುದ್ಧ ಅನ್ನೋ ಮಾತು ಸಾವಿರದ ಆರ್ನೂರು ವರ್ಷದ ಹಿಂದೆ ಗ್ರೀಕಲ್ಲೂ ಹಂಗೇ ಇತ್ತಲ್ಲ ಅಪ್ಪ! ಓದ್ತಿದ್ದಂಗೆ ನೀವು ರಿಟೈರ್ ಆದ ದಿನ ನೆನಪಾಯ್ತು. ಆಫೀಸ್‌ನವರ ಹಾರ, ಪೇಟ, ಶಾಲು ಎಲ್ಲ ಮುಗಿದ ಮೇಲೆ ಒಬ್ಬ ಅಜ್ಜ ಬಾಳೆಗೊನೆ ಹೊತ್ಕೊಂಡು ಬಂದು, ನನ್ನ ಖಾತೆ ಒಂದು ರೂಪಾಯಿ ಕೇಳದೆ ಮಾಡ್ಕೊಟ್ರಿ ಸ್ವಾಮಿ ಅಂತ ಕೈ ಮುಗಿದು ನಿಂತಿದ್ದ, ನೀವು ಆ ಗೊನೆನ ಅಲ್ಲೇ ಎಲ್ಲರಿಗೂ ಹಂಚಿಬಿಟ್ರಿ.

ಹಂಗಂತ ಶಿಲೆ ನಿಂತವರೆಲ್ಲ ಒಳ್ಳೆಯವರು ಅಂತ ನಾನು ಹೇಳಲ್ಲ. ಗವರ್ನರ್ ಹೊರಗಿಂದ ಬರೋನು, ಸ್ವಲ್ಪ ಕಾಲ ಇದ್ದು ಹೋಗೋನು, ತೆರಿಗೆ, ಕೋರ್ಟು ಎಲ್ಲ ಅವನ ಕೈಲಿ, ಊರಿನವರು ಅವನನ್ನ ಖುಷಿಯಾಗಿ ಇಟ್ಕೊಳ್ಳಲೇಬೇಕಿತ್ತು. ಮೊದಲಿನ ಕಾಲದಲ್ಲಿ ಊರಿನ ದಾನಿಗಳಿಗೇ ಎಷ್ಟೊಂದು ಶಿಲೆ ನಿಲ್ಸೋರು, ಆಮೇಲಾಮೇಲೆ ಹೆಚ್ಚಾಗಿ ಚಕ್ರವರ್ತಿಗೆ, ಗವರ್ನರ್‌ಗೆ ಅಷ್ಟೇ, ಅದೂ ಎಷ್ಟೋ ಸಲ ಹಳೇ ಪೀಠಾನೇ ತಗೊಂಡು ಮೇಲೆ ಹೊಸ ಹೆಸರು ಕೆತ್ತೋರು. ಕ್ರಿ.ಶ. 398ರಲ್ಲಿ ಒಂದು ಕಾನೂನೇ ಬಂತು, ಅಧಿಕಾರದಲ್ಲಿ ಇರುವಾಗ ಚಕ್ರವರ್ತಿ ಒಪ್ಪಿಗೆ ಇಲ್ದೆ ಕಂಚಿಂದೋ ಬೆಳ್ಳಿದೋ ಅಮೃತಶಿಲೇದೋ ಪ್ರತಿಮೆ ಒಪ್ಕೊಂಡ್ರೆ, ಆ ಹುದ್ದೇಲಿ ಪಡೆದಿದ್ರ ನಾಲ್ಕು ಪಟ್ಟು ಖಜಾನೆಗೆ ಕಟ್ಬೇಕು, ಮಾನಾನೂ ಹೋಗತ್ತೆ. ಒತ್ತಾಯದಿಂದ ಹೊಗಳಿಸ್ಕೊಳೋರು ಇದ್ದಿದ್ದಕ್ಕೇ ತಾನೆ ಇಂಥ ಕಾನೂನು ಬೇಕಾಗಿದ್ದು.

ಇನ್ನೊಂದು ವಿಷಯ. ಓಯ್ಕುಮೇನಿಯಸ್ ತಲೆಯ ನೆತ್ತಿ ಮೇಲೆ ಸಣ್ಣದಾಗಿ ಮೂರು ಗ್ರೀಕ್ ಅಕ್ಷರ ಕೆತ್ತಿದೆ, ಖಿ, ಮು, ಗಾಮಾ. ಮೇರಿ ಕ್ರಿಸ್ತನನ್ನ ಹೆತ್ತಳು ಅನ್ನೋದರ ಗುರುತು ಅಂತ ಸಾಮಾನ್ಯವಾಗಿ ಓದ್ತಾರೆ. ಶಿಲೆ ಪೀಠದ ಮೇಲೆ ನಿಂತ್ರೆ ಕೆಳಗಿನಿಂದ ಯಾರ ಕಣ್ಣಿಗೂ ಬೀಳಲ್ಲ. ಗವರ್ನರ್‌ನ ಹೆಸರು, ಹೊಗಳಿಕೆ ಎಲ್ಲ ಎದುರಿಗೆ, ಪ್ರಾರ್ಥನೆ ಮಾತ್ರ ಅಲ್ಲಿ, ಉಳಿ ಹಿಡಿದವನ ಕೈಗೆ ಮಾತ್ರ ಗೊತ್ತಿರೋ ಜಾಗದಲ್ಲಿ. ನಾನು ತುದಿಗಾಲಲ್ಲಿ ನಿಂತು ನೋಡಿದೆ, ಕಾಣ್ಲಿಲ್ಲ.

ಅವನ ಮುಖದ ಫೋಟೋ ತಮ್ಮಂಗೆ ಕಳ್ಸಿದೀನಿ, ದೊಡ್ಡದು ಮಾಡಿ ತೋರ್ಸೋಕೆ ಹೇಳಿ. ಕಣ್ಣಿನ ಡ್ರಾಪ್ಸ್ ಮಾತ್ರ ಮರೀಬೇಡಿ ಅಪ್ಪ.

ನಿಮ್ಮ ಮಗಳು