ಆ ಬೋಲ್ಟ್ ಉಜ್ಜಬೇಡಿ ಅಪ್ಪ

ಪ್ರೀತಿಯ ಅಪ್ಪನಿಗೆ,

ನಮಸ್ಕಾರ. ನಾನು ಕ್ಷೇಮ. ಅಲ್ಲಿ ಮಳೆ ಜೋರಂತೆ. ಇಲ್ಲಿ ನ್ಯೂಜಿಲೆಂಡಿನಲ್ಲಿ ಆಗಸ್ಟ್ ಅಂದರೆ ಚಳಿ, ಹಸುಗಳೆಲ್ಲ ಒಟ್ಟಿಗೇ ಕರು ಹಾಕುವ ಕಾಲ. ಪುರುಸೊತ್ತಿಲ್ಲ. ಆದರೂ ಅವ್ವನ ಪತ್ರ ಓದಿ ಸುಮ್ನೆ ಇರಲು ಆಗಲಿಲ್ಲ.

ಫೋನಿನಲ್ಲಿ ನೀವು ಎಲ್ಲ ಸರಿಯಿದೆ ಅಂತೀರಿ. ಅವ್ವ ಬರೆದದ್ದೇ ಬೇರೆ. ನಮ್ಮ ಪಾಯಿಂಟ್ 315 ರೈಫಲ್‌ನ ಬೋಲ್ಟ್, ಅದೇ ತೋಟಾ ಒಳಗೆ ತಳ್ಳಿ ಬಿಗಿಯುವ ಉಕ್ಕಿನ ಅಗುಳಿ, ಎಳೆಯುವಾಗ ಉಜ್ಜುತ್ತದಂತೆ, ಅರ್ಧಕ್ಕೆ ಕಚ್ಚಿಕೊಳ್ಳುತ್ತದಂತೆ. ನೀವು ಸುತ್ತಿಗೆಯಲ್ಲಿ ಹಿಡಿಗೆ ಕುಟ್ಟಿ, ಹೆಬ್ಬೆರಳು ಊದಿಸಿಕೊಂಡಿದ್ದೀರಂತೆ. ಸಾಲದ್ದಕ್ಕೆ ಪೊನ್ನಣ್ಣನ ಹತ್ತಿರ ಎಮರಿ ಪೇಪರ್ ಬೇರೆ ತರಿಸಿದ್ದೀರಿ. ಕೈಲ್‌ಪೊಳ್ದ್ ಹಬ್ಬದ ದಿನ, ಕೋವಿ ಪೂಜೆಯಾದ ಮೇಲೆ, ತೆಂಗಿನಕಾಯಿಗೆ ಅದರಲ್ಲೇ ಈಡು ಹೊಡೆಯಬೇಕು ಅಂತ ಹಟವಂತೆ.

ಅಪ್ಪ, ದಯವಿಟ್ಟು ಎಮರಿ ಪೇಪರ್ ಹಚ್ಚಬೇಡಿ. ಎಲ್ಲಿ ಉಜ್ಜುತ್ತಿದೆ ಅಂತ ಮೊದಲು ಗೊತ್ತಾಗಬೇಕು. ನಮ್ಮದು ಲೀ-ಎನ್‌ಫೀಲ್ಡ್ ಎಂಬ ಹಳೆಯ ಬ್ರಿಟಿಷ್ ಸೈನ್ಯದ ರೈಫಲ್ಲಿನ ಮಾದರಿಯದು. ಗುಂಡು ಹಾರುವಾಗ ಹಿಂದಕ್ಕೆ ಬರುವ ಒತ್ತಡವನ್ನೆಲ್ಲ ತಡೆಯುವುದು ಬೋಲ್ಟಿನ ಹಿಂಭಾಗದಲ್ಲಿ ಕಿವಿಯಂತೆ ಚಾಚಿರುವ ಎರಡು ಗುಬುಟುಗಳು. ಅವನ್ನು ಉಜ್ಜಿ ಸವೆಸಿದರೆ ತೋಟಾದ ಹಿಂದೆ ಸಂದು ಬೀಳುತ್ತದೆ. ತೋಟಾದ ಹಿತ್ತಾಳೆ ಕವಚ ಸೀಳಿದರೆ ಬಿಸಿ ಗ್ಯಾಸು ಸೀದಾ ಮುಖಕ್ಕೆ.

ಇಲ್ಲಿ ನಮ್ಮ ಫಾರ್ಮಿನ ಯಜಮಾನನ ರೈಫಲ್ಲೂ ಹೀಗೇ ಉಜ್ಜುತ್ತಿತ್ತು. (ಅವನನ್ನು ಎಲ್ಲರೂ ಹೆಸರು ಹಿಡಿದೇ ಕರೆಯುತ್ತಾರೆ, ನನಗೆ ಇನ್ನೂ ನಾಲಿಗೆ ಹೊರಳುವುದಿಲ್ಲ.) ಅವನು ಬೋಲ್ಟಿಗೆ ಕಪ್ಪು ಮಾರ್ಕರ್ ಪೆನ್ನು ಬಳಿದು, ಕೆಲವು ಸಲ ಹಿಂದೆ ಮುಂದೆ ಆಡಿಸಿದ. ಒಂದೇ ಒಂದು ಕಡೆ ಶಾಯಿ ಗೆರೆಯಾಗಿ ಅಳಿಸಿಹೋಗಿತ್ತು. ನೋಡಿದರೆ ದುರ್ಬೀನು ಕೂರಿಸಿದ್ದ ಸ್ಕ್ರೂ ಉದ್ದವಾಗಿ ಒಳಗೆ ಇಣುಕಿತ್ತು. ಸ್ಕ್ರೂ ಗಿಡ್ಡ ಮಾಡಿದ, ಬೋಲ್ಟ್ ಮುಟ್ಟಲಿಲ್ಲ. ಪೊನ್ನಣ್ಣನ ಮಗಳ ಶಾಲೆಯ ಚೀಲದಲ್ಲಿ ಮಾರ್ಕರ್ ಇರುತ್ತದೆ, ಅಲ್ವಾ?

ನೀವು ಮಾಡಬೇಡಿ, ಪೊನ್ನಣ್ಣನೇ ಮಾಡಲಿ. ಮೊದಲು ಮ್ಯಾಗಜಿನ್ (ತೋಟಾ ತುಂಬುವ ಡಬ್ಬಿ) ತೆಗೆದು, ಚೇಂಬರಿನಲ್ಲಿ, ಅಂದರೆ ನಳಿಗೆಯ ಹಿಂದೆ ತೋಟಾ ಕೂರುವ ಗೂಡಿನಲ್ಲಿ, ತೋಟಾ ಇಲ್ಲ ಅಂತ ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಲಿ. ಮ್ಯಾಗಜಿನ್ ಇಲ್ಲದಾಗ ಬೋಲ್ಟ್ ಸಲೀಸಾಗಿ ಓಡಿದರೆ ತಪ್ಪು ಮ್ಯಾಗಜಿನ್‌ದು. ಮುಚ್ಚುವಾಗ ಕೊನೆಯಲ್ಲಿ ಬಿಗಿಯಾದರೆ ಹೆದರಬೇಡಿ, ಈ ಮಾದರಿಯಲ್ಲಿ ಸ್ಪ್ರಿಂಗ್ ಎಳೆಯುವುದೇ ಆಗ. ಈಡು ಹೊಡೆದ ಮೇಲೆ ಮಾತ್ರ ಹಿಡಿ ಎತ್ತಲು ಕಷ್ಟ ಅಂದರೆ ಅದು ಚೇಂಬರಿನ ಕೊಳೆ, ತುಕ್ಕು ಅಥವಾ ಕೆಟ್ಟ ತೋಟಾ. ಆಗ ಮತ್ತೆ ಹೊಡೆಯುವುದೇ ಬೇಡ.

ನನ್ನ ಅನುಮಾನ ನಿಮ್ಮ ಕೊಬ್ಬರಿ ಎಣ್ಣೆಯ ಮೇಲೆ. ಮಳೆಗಾಲದ ಕಕ್ಕಡ ತಿಂಗಳ ಚಳಿಗೆ ಅದು ಬಾಟಲಿಯಲ್ಲೇ ಬೆಣ್ಣೆಯಾಗುತ್ತದೆ. ಬೋಲ್ಟ್ ಓಡುವ ಜಾಡಿನಲ್ಲಿ ವರ್ಷಗಟ್ಟಲೆ ಬಿದ್ದು, ಧೂಳು ಕುಡಿದು, ಕಂದು ಅಂಟಾಗಿ ಕೂತಿರುತ್ತದೆ. ಬೋಲ್ಟ್ ಪೂರ್ತಿ ಹಿಂದಕ್ಕೆ ಎಳೆದು, ಅದರ ಮೂತಿಯನ್ನು ಮೇಲಕ್ಕೆ ಎತ್ತಿದರೆ ಹೊರಗೆ ಬರುತ್ತದೆ. ಆ ಮೂತಿ ತಿರುಪಿನಲ್ಲಿ ಕೂತಿರುವ ಬೇರೆ ತುಂಡು. ವಾಪಸ್ ಹಾಕುವಾಗ ಪೂರ್ತಿ ತಿರುಗಿಸಿರಬೇಕು. ಬೇರೆ ರೈಫಲ್‌ನ ಬೋಲ್ಟ್ ಇದಕ್ಕೆ ಹಾಕಕೂಡದು. ಬಟ್ಟೆಗೆ ಸೀಮೆಎಣ್ಣೆ ಅದ್ದಿ ಜಾಡು ಒರೆಸಿ, ಒಣಗಿಸಿ, ಹೊಲಿಗೆ ಮಿಷಿನ್ ಎಣ್ಣೆ ಎರಡು ಹನಿ ಸವರಿದರೆ ಸಾಕು. ಅವ್ವನ ಮಿಷಿನ್ ಪಕ್ಕದಲ್ಲೇ ಇದೆ. ಮಳೆಗೆ ಮರ ಉಬ್ಬಿ ಎಲ್ಲಾದರೂ ತಾಗುತ್ತಿದ್ದರೂ ಮಾರ್ಕರ್ ಹೇಳುತ್ತದೆ. ಅಷ್ಟಕ್ಕೂ ಸರಿಹೋಗದಿದ್ದರೆ ಲೈಸೆನ್ಸ್ ಇರುವ ರಿಪೇರಿಯವರ ಹತ್ತಿರ ಒಯ್ಯಿರಿ. ವಿನಾಯಿತಿ ಪತ್ರ ಜೊತೆಗಿರಲಿ. ದುಡ್ಡು ನಾನು ಕಳಿಸುತ್ತೇನೆ.

ವಿನಾಯಿತಿ ಅಂದಾಗ ನೆನಪಾಯಿತು. ನಾವು ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅಂದರೆ ಯಜಮಾನ ನಂಬಲೇ ಇಲ್ಲ. ಇಲ್ಲಿಯವರಿಗೆಲ್ಲ ಲೈಸೆನ್ಸ್ ಬೇಕು, ಪೊಲೀಸರು ಮನೆಗೆ ಬಂದು ಕಪಾಟು ನೋಡುತ್ತಾರೆ. ಆದರೆ ಕೋವಿಯ ಸದ್ದು ತಗ್ಗಿಸುವ ಸೈಲೆನ್ಸರ್ ಮಾತ್ರ ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತದೆ, ಕಿವಿಗೆ ಒಳ್ಳೆಯದಂತೆ! ನಮ್ಮ ಹಿಮಾಲಯದ ತಾರ್ ಎನ್ನುವ ಕಾಡುಮೇಕೆಯನ್ನು 1904ರಲ್ಲಿ ತಂದು ಬಿಟ್ಟವರೂ ಇವರೇ. ಈಗ ಜಾಸ್ತಿಯಾಯಿತು, ಹೊಡೆಯಿರಿ ಅನ್ನುವವರೂ ಇವರೇ.

ನನಗೆ ಚಿಂತೆ ರೈಫಲ್‌ದಲ್ಲ. ಕಣ್ಣಿನ ಪೊರೆ ತೆಗೆಸಿ ಇನ್ನೂ ತಿಂಗಳಾಗಿಲ್ಲ. ನೀವು ಗುರಿ ಹಿಡಿಯುವುದು ಅದೇ ಬಲಗಣ್ಣಲ್ಲಿ, ಭುಜಕ್ಕೆ ಬೀಳುವ ಏಟು ತಲೆಗೂ ಬೀಳುತ್ತದೆ. ಡಾಕ್ಟರು ಬಗ್ಗಬೇಡಿ, ಭಾರ ಎತ್ತಬೇಡಿ ಅಂದಿದ್ದಾರೆ. ಈಡು ಹೊಡೆಯಬಹುದಾ ಅಂತ ನೀವು ಕೇಳೇ ಇಲ್ಲವಂತೆ. ಈ ವರ್ಷ ಕೋವಿಗಳಿಗೆ ತೋಕ್‌ಪೂ ಹೂವು ಇಟ್ಟು ಪೂಜೆ ಮಾಡಿ, ಅಕ್ಕಿಯ ಕಡಂಬುಟ್ಟು, ಹಂದಿಮಾಂಸದ ಪಂದಿಕರಿ ತಿಂದು, ಕುರ್ಚಿಯಲ್ಲಿ ಕೂತು ನೋಡಿ. ತೆಂಗಿನಕಾಯಿಗೆ ಪೊನ್ನಣ್ಣ ಜೋಡುನಳಿಗೆಯಲ್ಲಿ ಹೊಡೆಯಲಿ. ಹೆಬ್ಬೆರಳು ಇನ್ನೂ ಮಡಚಲು ಬರದಿದ್ದರೆ ಎಕ್ಸ್‌ರೇ ತೆಗೆಸಿ, ಮುಚ್ಚಿಡಬೇಡಿ.

ನಾನು ಚೆನ್ನಾಗಿ ತಿನ್ನುತ್ತಿದ್ದೇನೆ. ಚಳಿ ಏನೂ ಇಲ್ಲ, ಎರಡು ಸ್ವೆಟರ್ ಇದೆ, ಕೆಮ್ಮೂ ಇಲ್ಲ, ರಾತ್ರಿ ಕೆಲಸಕ್ಕೆ ಟಾರ್ಚೂ ಕೊಟ್ಟಿದ್ದಾರೆ, ಯಾವ ತೊಂದರೆಯೂ ಇಲ್ಲ. ಅವ್ವನಿಗೆ ಹೇಳಿ.

ಹಾಲು ಕರೆಯುವ ಹೊತ್ತಾಯಿತು, ಕರೆಯುತ್ತಿದ್ದಾರೆ. ಭಾನುವಾರ ಫೋನ್ ಮಾಡುತ್ತೇನೆ, ಪೊನ್ನಣ್ಣ ಮನೆಯಲ್ಲೇ ಇರಲಿ.

ನಿಮ್ಮ ಮಗ