ಒಂದೇ ಒಂದು ಕಿಲೋ

ಮಾನ್ಯರೇ,

ವೇಟ್‌ಲಿಫ್ಟರ್ ಮೀರಾಬಾಯಿ ಚಾನು ಅಂದರೆ ಎಲ್ಲರಿಗೂ ಟೋಕಿಯೋ ಒಲಿಂಪಿಕ್ಸ್ ಬೆಳ್ಳಿಯೇ ನೆನಪು. 49 ಕಿಲೋ ದೇಹತೂಕದ ವಿಭಾಗದಲ್ಲಿ ಒಟ್ಟು 202 ಕಿಲೋ ಎತ್ತಿದ್ದರು. ಕಿವಿಯಲ್ಲಿ ಅಮ್ಮ ತನ್ನ ಒಡವೆ ಮಾರಿ ಕೊಡಿಸಿದ್ದ, ಒಲಿಂಪಿಕ್ಸ್ ಉಂಗುರಗಳ ಆಕಾರದ ಓಲೆ.

ನನಗೆ ಜಾಸ್ತಿ ಕಾಡುವುದು 2016ರ ರಿಯೊ. ಭಾರವನ್ನು ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲಕ್ಕೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ ಮೂರಕ್ಕೆ ಮೂರೂ ಪ್ರಯತ್ನ ಕೈಕೊಟ್ಟು, ಹೆಸರಿನ ಮುಂದೆ ಒಟ್ಟು ತೂಕವೇ ಇಲ್ಲದೆ ಹೊರಬಂದ ಹುಡುಗಿ ಮರುವರ್ಷವೇ ವಿಶ್ವ ಚಾಂಪಿಯನ್ ಆದರು, ಅದೇನು ಸುಮ್ನೆ ಆಗುವ ಕೆಲಸವಲ್ಲ.

2024ರ ಪ್ಯಾರಿಸ್‌ನಲ್ಲಿ 199 ಎತ್ತಿ ನಾಲ್ಕನೆಯವರಾದರು. ಕಂಚು ಗೆದ್ದವರು ಎತ್ತಿದ್ದು 200. ಒಂದೇ ಕಿಲೋ ಅಲ್ವಾ! ಅದನ್ನು ನಿರಾಸೆ ಎಂದು ಎರಡು ಸಾಲಲ್ಲಿ ಮುಗಿಸಿದರೆ ಬೇಸರವಾಗುತ್ತದೆ. ಪದಕ ಇಲ್ಲದ ದಿನಗಳಲ್ಲೂ ಈ ಹೆಣ್ಣುಮಕ್ಕಳ ಅಭ್ಯಾಸ, ಗಾಯ, ಚೇತರಿಕೆಯ ಬಗ್ಗೆ ದಯವಿಟ್ಟು ಬರೆಯಿರಿ.

ಇಂತಿ,
ನಿಮ್ಮ ಓದುಗ